ಸ್ಪಂಜು ಹೇಳದೆ ಬಿಟ್ಟ ಮಾತು

ಈಚೆಗೆ ಒಂಬತ್ತನೇ ತರಗತಿಯ ಭೂಗೋಳದ ಅಭ್ಯಾಸ ಪಾಠವೊಂದನ್ನು ವೀಕ್ಷಿಸಿದೆ. ಪ್ರಶಿಕ್ಷಣಾರ್ಥಿ ಸ್ಪಂಜಿನ ಮೇಲೆ ಇಟ್ಟಿಗೆ ಇಟ್ಟು, "ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯದ ನೆಲ ಹೀಗೆ ಕುಸಿದಿತ್ತು" ಎಂದರು. ಇಟ್ಟಿಗೆ ತೆಗೆದೊಡನೆ ಸ್ಪಂಜು ಮೇಲೆದ್ದಿತು. ಬೋಧನೋಪಕರಣಕ್ಕೆ ನಾನು ಪೂರ್ಣ ಅಂಕ ಕೊಟ್ಟೆ.

ಅಷ್ಟರಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಐಸ್ ಕರಗಿ ಹತ್ತು ಸಾವಿರ ವರ್ಷ ಆಯ್ತು ಅಂದ್ರಿ. ಮತ್ತೆ ನೆಲ ಇನ್ನೂ ಯಾಕೆ ಏಳ್ತಾ ಇದೆ?" ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. "ಮುಂದಿನ ತರಗತಿಯಲ್ಲಿ ನೋಡೋಣ" ಎಂಬ ಉತ್ತರ ಬಂತು.

ಆ ಪ್ರಶ್ನೆಯೇ ಪಾಠದ ತಿರುಳು. ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿಯ ಉತ್ತರ ಭಾಗದ ಕರಾವಳಿ ಇಂದಿಗೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರುತ್ತಿದೆ. ಬಂದರಿನಲ್ಲಿ ನೀರಿನ ಆಳ ಕಡಿಮೆಯಾದ್ದರಿಂದ ಸ್ವೀಡನ್ನಿನ ಲೂಲಿಯೋ ಪಟ್ಟಣವನ್ನು 1649ರಲ್ಲಿ ಸಮುದ್ರದ ಕಡೆಗೆ ಸ್ಥಳಾಂತರಿಸಬೇಕಾಯಿತು.

ವಿಜ್ಞಾನಿಗಳ ಗಣಿತ ಮಾದರಿಯಲ್ಲಿ ಎರಡು ಭಾಗಗಳಿವೆ. ಮೇಲಿನ ಶಿಲಾಗೋಳ ಸ್ಥಿತಿಸ್ಥಾಪಕ ಫಲಕ. ಭಾರಕ್ಕೆ ತಕ್ಷಣ ಬಾಗುತ್ತದೆ. ಕೆಳಗಿನ ಮ್ಯಾಂಟಲ್ ಶಿಲೆ ಬಹಳ ಸ್ನಿಗ್ಧ. ಸುಮಾರು 3 ಕಿಲೋಮೀಟರ್ ದಪ್ಪದ ಹಿಮದ ಭಾರಕ್ಕೆ ಪಕ್ಕಕ್ಕೆ ಸರಿದದ್ದು ಮರಳಿ ಬರಲು ಸಾವಿರಾರು ವರ್ಷ ಬೇಕು. ಸ್ಪಂಜು ತೋರಿಸುವುದು ಮೊದಲ ಭಾಗವನ್ನು ಮಾತ್ರ.

ಎರಡನೆಯದಕ್ಕೆ ಜೋನಿ ಬೆಲ್ಲ ಸಾಕು. ಅಗಲವಾದ ಬಟ್ಟಲಿಗೆ ಅಂಚಿನವರೆಗೆ ತುಂಬಿ, ಮೇಲೆ ಬಲೂನಿನ ರಬ್ಬರನ್ನು ಬಿಗಿದು ಕಟ್ಟಿ, ನಡುವೆ ತೂಕದ ಕಲ್ಲು ಇಡಿ. ನಡುಭಾಗ ಕುಸಿದಂತೆ ಸುತ್ತಲೂ ಉಬ್ಬುತ್ತದೆ. ಹಿಮದ ಹಾಳೆಯ ಅಂಚಿನಾಚೆಯ ನೆಲವೂ ಹೀಗೆ ಉಬ್ಬಿತ್ತು. ಆ ಉಬ್ಬು ಈಗ ಇಳಿಯುತ್ತಿದೆ. ಕಲ್ಲು ತೆಗೆದು, ತಗ್ಗು ತುಂಬುವುದನ್ನು ಮಕ್ಕಳು ಗಡಿಯಾರ ಹಿಡಿದು ನೋಡಲಿ. ಅದೇ ಬೆಲ್ಲಕ್ಕೆ ನೀರು ಬೆರೆಸಿ ಮತ್ತೊಮ್ಮೆ ಮಾಡಿದರೆ, ಸ್ನಿಗ್ಧತೆ ಕಡಿಮೆಯಾದಂತೆ ಸಮಯವೂ ಕಡಿಮೆಯಾಗುವುದು ತಿಳಿಯುತ್ತದೆ.

ಈ ಮಾದರಿಗೂ ಮಿತಿಯಿದೆ. ಬೆಲ್ಲ ದ್ರವ, ಮ್ಯಾಂಟಲ್ ಘನ ಶಿಲೆಯಾಗಿದ್ದುಕೊಂಡೇ ಅತಿ ನಿಧಾನವಾಗಿ ಹರಿಯುತ್ತದೆ. ಇದನ್ನು ಹೇಳದಿದ್ದರೆ ನೆಲದಡಿ ಎಲ್ಲೆಲ್ಲೂ ಲಾವಾ ತುಂಬಿದೆ ಎಂದೇ ಮಕ್ಕಳು ತಿಳಿಯುತ್ತಾರೆ.

ತಪ್ಪು ಆ ಪ್ರಶಿಕ್ಷಣಾರ್ಥಿಯದಷ್ಟೇ ಅಲ್ಲ. ನಮ್ಮ ವೀಕ್ಷಣಾ ನಮೂನೆಯಲ್ಲಿ ಉಪಕರಣದ ಅಂದಕ್ಕೆ, ಬಳಕೆಗೆ ಅಂಕವಿದೆ. ಅದು ಎಲ್ಲಿ ಸೋಲುತ್ತದೆ ಎಂದು ಹೇಳಿದವರಿಗಿಲ್ಲ. ಆ ಒಂದು ಕಲಂ ಸೇರಿಸೋಣ. ಅಲ್ಲಿಯವರೆಗೆ ನಾನು ನಮೂನೆಯ ಅಂಚಿನಲ್ಲಿ ಪೆನ್ಸಿಲಿನಲ್ಲಾದರೂ ಬರೆದುಕೊಳ್ಳುತ್ತೇನೆ.