ತೊಳೆಯುವ ಹೊತ್ತಿನ ಕೂಲಿ ಯಾರದು?

ಯಂತ್ರ ಬಂದರೆ ಕೂಲಿಕಾರನ ಬಾಳು ಹಸನಾಗುತ್ತದೆ ಎನ್ನುವವರು ಒಂದು ಕಡೆ. ಯಂತ್ರ ಬಂದರೆ ಅವನ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎನ್ನುವವರು ಇನ್ನೊಂದು ಕಡೆ. ಈ ಎರಡು ಪಂಗಡದವರ ವಾದ ನಮಗೆ ಕೇಳಿ ಕೇಳಿ ಬೇಸರವಾಗಿದೆ. ಇಬ್ಬರಿಗೂ ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ಸಂಜೆ ಕೆಲಸ ಮುಗಿದ ಮೇಲೆ ಆ ಯಂತ್ರವನ್ನು ತೊಳೆದು, ಒರೆಸಿ, ಎಣ್ಣೆ ಬಿಟ್ಟು ಎತ್ತಿಡುವವರು ಯಾರು? ಆ ಹೊತ್ತಿಗೆ ಕೂಲಿ ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡದೆ ಯಂತ್ರದ ಗುಣದೋಷಗಳ ಮೇಲೆ ಭಾಷಣ ಮಾಡುವವರು ಕಾರ್ಮಿಕನ ಮಿತ್ರರಲ್ಲ.

ಒಂದು ಚಿಕ್ಕ ಯಂತ್ರದ ಕಥೆಯಿಂದ ಈ ಮಾತನ್ನು ವಿವರಿಸುತ್ತೇವೆ. ಅದು ಅಮೆರಿಕದ್ದು. "ಅಮೆರಿಕದ ಗೋಡೆ ನಮಗೇಕೆ?" ಎಂದು ಕೇಳುವ ಸಂಗಾತಿಗಳು ಕೊಂಚ ತಾಳಬೇಕು. ಬೆಂಗಳೂರಿನ ಗಾಜಿನ ಕಚೇರಿಗಳಲ್ಲಿ ತಲೆ ಎತ್ತಿ ನೋಡಿದರೆ ಕಾಣುವುದು ಅದೇ ಜಿಪ್ಸಂ ಹಲಗೆ. ಫಾಲ್ಸ್ ಸೀಲಿಂಗ್ ಎಂಬ ಹೆಸರಿನಲ್ಲಿ ಅದು ಜಿಲ್ಲಾ ಊರುಗಳ ಬಟ್ಟೆ ಅಂಗಡಿಗಳಿಗೂ ಬಂದಾಗಿದೆ. ಹಲಗೆ ಬಂದ ಕಡೆಗೆ ಅದರ ಉಪಕರಣವೂ ಬರುತ್ತದೆ. ಉಪಕರಣದ ಹಿಂದೆ ಅದರ ಲೆಕ್ಕಾಚಾರವೂ ಬರುತ್ತದೆ.

ಜಿಪ್ಸಂ ಎಂದರೆ ಬೇರೇನಲ್ಲ, ಮಾಸ್ತರಿಕೆ ಮಾಡಿದವರ ಕೈಗೆಲ್ಲ ಮೆತ್ತಿಕೊಂಡಿರುವ ಸೀಮೆಸುಣ್ಣದ ಮೂಲವಸ್ತು. ಅದನ್ನು ಎರಡು ದಪ್ಪ ಕಾಗದಗಳ ನಡುವೆ ಹಾಕಿ ಹಲಗೆ ಮಾಡುತ್ತಾರೆ. ಅಮೆರಿಕದಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತ ಇಂಥ ಹಲಗೆಗೆ 1894ರಲ್ಲಿ ಪೇಟೆಂಟ್ ಪಡೆದ. ಆದರೆ ಎರಡನೆಯ ಮಹಾಯುದ್ಧದವರೆಗೂ ಅಲ್ಲಿಯ ಒಳ್ಳೆಯ ಮನೆಗಳ ಒಳಗೋಡೆಯೆಂದರೆ ಗಾರೆಯ ಗೋಡೆಯೇ. ಗಾರೆ ಕೆಲಸಕ್ಕೆ ಪಳಗಿದ ಕೈ ಬೇಕು, ಒಣಗಲು ದಿನಗಟ್ಟಲೆ ಬೇಕು. ಯುದ್ಧ ಮುಗಿದು ಸೈನಿಕರು ಮರಳಿದಾಗ ಮನೆಗಳ ಹಸಿವು ಎದ್ದಿತು. 1947ರಿಂದ 1951ರೊಳಗೆ ನ್ಯೂಯಾರ್ಕಿನ ಬಳಿ ಲೆವಿಟ್‌ಟೌನ್ ಎಂಬಲ್ಲಿ ಒಬ್ಬನೇ ಬಂಡವಾಳಗಾರ ಹದಿನೇಳು ಸಾವಿರಕ್ಕೂ ಮಿಕ್ಕಿ ಮನೆಗಳನ್ನು ಎಬ್ಬಿಸಿದ. ಗಾರೆಗೆ ಬದಲು ಹಲಗೆ, ಸಂಘದ ಕಾರ್ಮಿಕರಿಗೆ ಬದಲು ಸಂಘವಿಲ್ಲದವರು. ಕಪ್ಪು ಜನರಿಗೆ ಅಲ್ಲಿ ಮನೆ ಮಾರಲಿಲ್ಲ ಎಂಬುದನ್ನೂ ಓದುಗರು ಮರೆಯಬಾರದು. ಪ್ರಜಾಪ್ರಭುತ್ವದ ದೇಶದಲ್ಲಿ ಗೋಡೆ ಎಷ್ಟು ನಯವೋ ಬಾಗಿಲು ಅಷ್ಟೇ ಭದ್ರ!

ಹಲಗೆ ತಯಾರಿಸುವ ದೊಡ್ಡವರ ಧರ್ಮವೂ ಇದೇ. ಸ್ಪರ್ಧೆಯೇ ನಮ್ಮ ಉಸಿರು ಎಂದು ಸಾರುವ ಆ ದೇಶದಲ್ಲಿ, ಪೇಟೆಂಟಿನ ನೆಪ ಮಾಡಿಕೊಂಡು ಜಿಪ್ಸಂ ಕಂಪೆನಿಗಳೆಲ್ಲ ಸೇರಿ ಬೆಲೆಯನ್ನು ಗೊತ್ತು ಮಾಡುತ್ತಿದ್ದವು. ಅದು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು 1948ರಲ್ಲಿ ಹೇಳಬೇಕಾಯಿತು. ಒಡೆಯರು ಕೂಡಿ ಬೆಲೆ ಏರಿಸಿದರೆ ವ್ಯಾಪಾರ, ಕೂಲಿಗಳು ಕೂಡಿ ಕೂಲಿ ಕೇಳಿದರೆ ದೊಂಬಿ. ಇರಲಿ, ನಮ್ಮ ಮಾತು ಹಲಗೆಯದಲ್ಲ, ಸಂದಿಯದು.

ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಹಲಗೆಗಳನ್ನು ಚೌಕಟ್ಟಿಗೆ ಬಡಿದರೆ ನಡುವೆ ಸಂದಿ ಉಳಿಯುತ್ತದೆ. ಆ ಸಂದಿಗೆ ಲೇಪ ಮೆತ್ತಿ, ಮೇಲೆ ಎರಡಂಗುಲದ ಕಾಗದದ ಪಟ್ಟಿ ಒತ್ತಿ, ಒಣಗಿದ ಮೇಲೆ ಮತ್ತೆ ಎರಡು ಸಲ ಲೇಪ ಎಳೆದು, ಕೊನೆಗೆ ಮರಳು ಕಾಗದದಿಂದ ಉಜ್ಜಬೇಕು. ನಮ್ಮ ಕಡೆ ಇದನ್ನು ಈಗಲೂ ಹೆಚ್ಚಾಗಿ ಕೈಯಲ್ಲೇ, ತಗಡಿನ ಪಟ್ಟಿ ಹಿಡಿದು ಮಾಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಯಂತ್ರ ಬಂತು. ಆಳುದ್ದಕ್ಕೆ ಸ್ವಲ್ಪ ಕಡಿಮೆಯ ಕೊಳವೆ. ಯುದ್ಧದಲ್ಲಿ ಹೆಗಲ ಮೇಲಿಟ್ಟು ರಾಕೆಟ್ ಹಾರಿಸುತ್ತಿದ್ದ ಬಜೂಕಾದ ಹಾಗೆ ಕಾಣುವುದರಿಂದ ಕೆಲಸಗಾರರು ಅದಕ್ಕೂ ಬಜೂಕಾ ಎಂದೇ ಕರೆದರು.

ಈ ಬಜೂಕಾ ಕೆಲಸ ಮಾಡುವ ರೀತಿ ನಿಜಕ್ಕೂ ಮೆಚ್ಚತಕ್ಕದ್ದು. ಕೈಪಂಪಿನಿಂದ ಕೊಳವೆಗೆ ಲೇಪ ತುಂಬುತ್ತಾರೆ. ಕಾಗದದ ಸುರುಳಿ ಮೈಮೇಲೆ ಕೂತಿರುತ್ತದೆ. ತುದಿಯ ಗಾಲಿಯನ್ನು ಗೋಡೆಯ ಮೇಲೆ ಉರುಳಿಸುತ್ತ ನಡೆದರೆ, ಗಾಲಿ ಒಂದು ಉರುಳೆಯನ್ನು ತಿರುಗಿಸುತ್ತದೆ. ಉರುಳೆ ತಂತಿಯ ಹಗ್ಗವನ್ನು ಸುತ್ತಿಕೊಳ್ಳುತ್ತದೆ. ಹಗ್ಗ ಕೊಳವೆಯೊಳಗಿನ ಪಿಸ್ಟನ್ನನ್ನು ಎಳೆಯುತ್ತದೆ. ಪಿಸ್ಟನ್ ಲೇಪವನ್ನು ಕಾಗದದ ಮೇಲೆ ದೂಡುತ್ತದೆ. ಎಷ್ಟು ಉದ್ದ ಉರುಳಿತೋ ಅಷ್ಟೇ ಲೇಪ. ಸಂದಿ ಮುಗಿದಲ್ಲಿ ಕೈಹಿಡಿಯನ್ನು ಜಾರಿಸಿದರೆ ಒಳಗಿನ ಅಲಗು ಕಾಗದವನ್ನು ಕತ್ತರಿಸುತ್ತದೆ. ವಿದ್ಯುತ್ತು ಬೇಡ, ಎಣ್ಣೆ ಯಂತ್ರ ಬೇಡ, ಮನುಷ್ಯನ ನಡಿಗೆಯೇ ಶಕ್ತಿ. ಇದರ ಹಿಂದೆ ಮೂಲೆಗೆ ಒತ್ತುವ ರೋಲರು, ಮೂಲೆಯನ್ನು ನಯ ಮಾಡುವ ಸಲಕರಣೆ, ಅಗಲವಾಗಿ ಲೇಪ ಎಳೆಯುವ ಪೆಟ್ಟಿಗೆಗಳು ಬರುತ್ತವೆ. ಕೈಯಲ್ಲಿ ಇಡೀ ದಿನ ಹಿಡಿಯುವ ಕೆಲಸವನ್ನು ಪಳಗಿದವನು ಇವುಗಳಿಂದ ಕೆಲವೇ ಗಂಟೆಗಳಲ್ಲಿ ಮುಗಿಸಬಲ್ಲ.

ಡಾ. ಲೋಹಿಯಾ 1952ರ ಪಚ್‌ಮಢಿ ಸಮ್ಮೇಳನದಲ್ಲಿ ಚಿಕ್ಕ ಪ್ರಮಾಣದ ಯಂತ್ರದ ವಿಚಾರವನ್ನು ನಮ್ಮ ಮುಂದಿಟ್ಟರು. ಬಂಡವಾಳಶಾಹಿಯ ದೈತ್ಯ ಯಂತ್ರವನ್ನೂ ಕಮ್ಯುನಿಸ್ಟರು ಅದೇ ದೈತ್ಯನಿಗೆ ಮಾಡುವ ಪೂಜೆಯನ್ನೂ ಬಿಟ್ಟು, ಹಳ್ಳಿಯವನ ಕೈಗೆ ನಿಲುಕುವ ಯಂತ್ರ ಬೇಕೆಂದರು. ಮೇಲುನೋಟಕ್ಕೆ ಬಜೂಕಾ ಅಂಥದೇ. ಆದರೆ ಕೈಗೆ ನಿಲುಕುವುದು ಬೇರೆ, ಕೈಯದಾಗುವುದು ಬೇರೆ. ಈ ಉಪಕರಣವನ್ನು ಬಳಕೆಗೆ ತಂದ ಏಮ್ಸ್ ಎಂಬ ಕಂಪೆನಿ ಹಲವು ದಶಕಗಳ ಕಾಲ ಅದನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ಹೆಗಲ ಮೇಲೆ ಹೊರುವಷ್ಟು ಚಿಕ್ಕ ಯಂತ್ರ, ಹೊತ್ತವನು ಮಾತ್ರ ಅದರ ಒಡೆಯನಲ್ಲ! ಕೆಟ್ಟದ್ದನ್ನು ಅಂಗಡಿಗೆ ಒಯ್ದರೆ ಬದಲಿ ಸಿಗುತ್ತಿತ್ತು ಎಂಬ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಎಷ್ಟು ವರ್ಷ ಕಟ್ಟಿದರೂ ತನ್ನದಾಗದ ವಸ್ತುವಿಗೆ ಮಲೆನಾಡಿನವರು ಇಡುವ ಹೆಸರು ಯಾವುದು? 1951ರಲ್ಲಿ ಕಾಗೋಡಿನ ರೈತರು ಎದ್ದದ್ದು ಇಂಥದರ ಮೇಲೆಯೇ. ನೆಲದ ಗೇಣಿಯನ್ನು 1974ರ ಕಾನೂನು ತೆಗೆದುಹಾಕಿತು. ಉಪಕರಣದ ಗೇಣಿಯನ್ನು ಕೇಳುವವರೇ ಇಲ್ಲ.

ಆಮೇಲೆ ಬೇರೆ ಕಂಪೆನಿಗಳೂ ಬಂದವು. ಈಗ ಹಣವಿದ್ದವರು ಕೊಳ್ಳಬಹುದು, ಬಿಡಿಭಾಗಗಳೂ ಸಿಗುತ್ತವೆ. ಆದರೆ ಹೊಸದಾಗಿ ಪೂರ್ತಿ ಜೊತೆ ಕೊಳ್ಳಲು ಸಾವಿರಾರು ಡಾಲರು ಬೇಕು. ಹಾಗಾಗಿ ಪ್ರಶ್ನೆ ಹಳೆಯದೇ ಉಳಿದಿದೆ.

ಈಗ ತೊಳೆಯುವ ಮಾತು. ಈ ಯಂತ್ರದ ಶತ್ರು ಒಣಗಿದ ಲೇಪ. ಸಂಜೆ ಕೊಳವೆಯನ್ನು ಬರಿದು ಮಾಡಿ, ತಲೆಯ ಮುಚ್ಚಳ ತೆಗೆದು, ನೀರು ಹಾಯಿಸಿ, ಬ್ರಷ್ಷಿನಿಂದ ಉಜ್ಜಿ, ಅಲಗಿನ ಸಂದಿಯಲ್ಲಿ ಸಿಕ್ಕ ಕಾಗದದ ಚೂರುಗಳನ್ನು ಕೆದಕಿ ತೆಗೆಯಬೇಕು. ಪಂಪನ್ನೂ ಪೆಟ್ಟಿಗೆಗಳನ್ನೂ ಹೀಗೆಯೇ ತೊಳೆಯಬೇಕು. ಒರೆಸಿ ಆಡುವ ಭಾಗಗಳಿಗೆ ಎಣ್ಣೆಯ ಹನಿ ಬಿಡಬೇಕು. ಒಂದು ಸಂಜೆ ಬಿಟ್ಟರೆ ಕೊಳವೆಯ ಒಳಮೈಗೆ ಲೇಪ ಗಟ್ಟಿಯಾಗಿ ಅಂಟುತ್ತದೆ. ಮರುದಿನ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಗಾಲಿ ಉರುಳಿದಂತೆ ಹಗ್ಗ ಬಿಗಿದು ಕೊನೆಗೆ ತುಂಡಾಗುತ್ತದೆ. ಇನ್ನು ಕೆಲವು ಪುಡಿಗಳಿವೆ. ನೀರು ಬಿದ್ದ ಇಪ್ಪತ್ತು, ನಲವತ್ತೈದು, ತೊಂಬತ್ತು ನಿಮಿಷಗಳ ಗಡುವಿನಲ್ಲಿ ತಾವೇ ಕಲ್ಲಾಗುವಂಥವು. ಅವುಗಳನ್ನು ಅವಸರದ ಗುತ್ತಿಗೆದಾರನ ಮಾತು ಕೇಳಿ ಕೊಳವೆಗೆ ತುಂಬಿದರೆ ಯಂತ್ರದ ಗತಿ ಹೇಳಬೇಕಾಗಿಲ್ಲ. ಪೆಟ್ಟಿಗೆಯ ಅಲಗು ಸವೆದಿದ್ದರೆ ಅಥವಾ ಅದರಲ್ಲಿ ಒಂದು ಒಣ ಕಣ ಕೂತಿದ್ದರೆ ಗೋಡೆಯುದ್ದಕ್ಕೂ ಗೆರೆ ಬೀಳುತ್ತದೆ.

ಈ ಗೆರೆಯನ್ನು ಸಣ್ಣ ವಿಷಯವೆಂದು ತಳ್ಳಬೇಡಿ. ಗೆರೆ ಬಿದ್ದಷ್ಟೂ ಉಜ್ಜಬೇಕು, ಉಜ್ಜಿದಷ್ಟೂ ಧೂಳು ಏಳುತ್ತದೆ. ಆ ಧೂಳಿನಲ್ಲಿ ಶ್ವಾಸಕೋಶ ತಿನ್ನುವ ಸಿಲಿಕಾ ಇರಬಹುದು. 1977ರಲ್ಲಿ ನಿಷೇಧವಾಗುವವರೆಗೂ ಅಮೆರಿಕದ ಇಂಥ ಲೇಪಗಳಲ್ಲಿ ಆಸ್ಬೆಸ್ಟಾಸ್ ಕೂಡ ಬೆರೆಸುತ್ತಿದ್ದರು. ಅಲ್ಲಿಯ ಸರಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಅಳೆದು ನೋಡಿದಾಗ, ಒಂದು ಘನ ಮೀಟರ್ ಗಾಳಿಗೆ 15 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯ ಹತ್ತು ಪಟ್ಟಿನವರೆಗೂ ಧೂಳನ್ನು ಈ ಕೆಲಸಗಾರರು ಉಸಿರಾಡುತ್ತಿದ್ದರೆಂದು ಕಂಡಿತು. ಸಂಜೆ ಯಂತ್ರ ತೊಳೆಯಲು ಕೊಡದ ಅರ್ಧ ಗಂಟೆ ಮರುವಾರ ಕೆಲಸಗಾರನ ಎದೆಯೊಳಗೆ ಹೋಗಿ ಕೂರುತ್ತದೆ. ಯಂತ್ರದ ಆರೈಕೆಯನ್ನು ನಾವು ಕೂಲಿಯ ಪ್ರಶ್ನೆ ಎನ್ನುವುದು ಬರಿಯ ಹಟದಿಂದಲ್ಲ.

ಅಡಿ ಲೆಕ್ಕದಲ್ಲಿ ಕೂಲಿ ಕೊಡುವ ಗುತ್ತಿಗೆದಾರನ ಪುಸ್ತಕದಲ್ಲಿ ಈ ಹೊತ್ತು ಎಲ್ಲಿದೆ? ಎಲ್ಲೂ ಇಲ್ಲ. ಅವನು ಗೋಡೆಯನ್ನು ಅಳೆಯುತ್ತಾನೆ, ಸಂಜೆಯನ್ನು ಅಳೆಯುವುದಿಲ್ಲ. ಯಂತ್ರ ಹೊಸದಾಗಿ ಬಂದಾಗ ಹಿಡಿದವನಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ನಿಜ. ಎಲ್ಲರ ಕೈಗೂ ಬಂದ ಮೇಲೆ "ಬೇಗ ಮುಗಿಯುತ್ತದಲ್ಲ" ಎಂದು ಅಡಿಯ ದರ ಇಳಿಯುತ್ತದೆ. ಆಗ ಅದೇ ಕೂಲಿಗೆ ಹೆಚ್ಚು ಅಡಿ, ಮೇಲೆ ಬಾಡಿಗೆ, ಮೇಲೆ ತೊಳೆಯುವ ಬಿಟ್ಟಿ.

ದರ ಹಾಗೆ ಇಳಿಯುವುದೇ ಎಂದು ಅನುಮಾನಿಸುವವರು ದಕ್ಷಿಣ ಕ್ಯಾಲಿಫೋರ್ನಿಯಾವನ್ನು ನೋಡಲಿ. ಅಲ್ಲಿ ಹಲಗೆ ಬಡಿಯುತ್ತಿದ್ದವರು ಬಹುಪಾಲು ಮೆಕ್ಸಿಕೋದಿಂದ ಬಂದ ವಲಸೆಯವರು. ಎಷ್ಟೋ ಜನ ಗ್ವಾನಾಹ್ವಾಟೋ ಪ್ರಾಂತದ ಎಲ್ ಮಗೇ ಎಂಬ ಒಂದೇ ಹಳ್ಳಿಯವರು. ಸಂಘ ಮುರಿದ ಮೇಲೆ ಅವರ ಕೂಲಿ ಚದರ ಅಡಿಗೆ ನಾಲ್ಕೈದು ಸೆಂಟಿಗೆ ಬಂದು ನಿಂತಿತ್ತು. ಎಂಟು ಸೆಂಟು ಬೇಕೆಂದು 1992ರ ಜೂನಿನಲ್ಲಿ ಅವರು ಕೆಲಸ ನಿಲ್ಲಿಸಿದರು. ಜುಲೈ ತಿಂಗಳಲ್ಲಿ ಮಿಷನ್ ವಿಯೆಹೋ ಎಂಬಲ್ಲಿ ಒಂದೇ ದಿನ ನೂರೈವತ್ತು ಮಂದಿಯನ್ನು ಪೋಲೀಸರು ಹಿಡಿದರು. ಆದರೂ ಸುಮಾರು ಐದು ತಿಂಗಳು ಜಗ್ಗಲಿಲ್ಲ. ಕೆಲಸಗಾರರು ಒಂದು ಕಡೆ ಬೀದಿಯಲ್ಲಿ ನಿಂತರು, ಇನ್ನೊಂದು ಕಡೆ ಹೆಚ್ಚಿನ ಹೊತ್ತಿನ ಕೂಲಿ ಕೊಟ್ಟಿಲ್ಲವೆಂದು ಗುತ್ತಿಗೆದಾರರ ಮೇಲೆ ದಾವೆ ಹೂಡಿದರು. ಕೊಡದೆ ಉಳಿಸಿಕೊಂಡ ಗಂಟೆಗಳ ಲೆಕ್ಕ ಕೋರ್ಟಿನಲ್ಲಿ ಬಿಚ್ಚಿಕೊಳ್ಳುತ್ತದೆಂಬ ಭಯವೇ ಹಲವು ಗುತ್ತಿಗೆದಾರರನ್ನು ಮಾತುಕತೆಗೆ ಎಳೆದು ತಂದಿತು. ನವೆಂಬರಿನಲ್ಲಿ ಬಡಗಿಗಳ ಸಂಘದೊಡನೆ ಒಪ್ಪಂದವಾಯಿತು. ಅಡಿಯ ಲೆಕ್ಕದವರನ್ನು ಗೆಲ್ಲಿಸಿದ್ದು ಗಂಟೆಯ ಲೆಕ್ಕ.

ಗಂಟೆಯ ಬಗ್ಗೆ ಅಲ್ಲಿಯ ಕಾನೂನು ಏನನ್ನುತ್ತದೆ ಎಂಬುದೂ ನಮ್ಮವರಿಗೆ ತಿಳಿದಿರಲಿ. 1947ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮಾಲೀಕರ ಕೂಗಿಗೆ ಮಣಿದು, ಕೆಲಸದ ಹಿಂದುಮುಂದಿನ ಹೊತ್ತಿಗೆ ಕೂಲಿ ಕೊಡದೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಆದರೂ 1956ರಲ್ಲಿ ಒಂದು ಮಾಂಸದ ಕಾರ್ಖಾನೆಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಕಟುಕರು ಪಾಳಿಗೆ ಮುಂಚೆಯೋ ಆಮೇಲೆಯೋ ತಮ್ಮ ಚೂರಿಗಳನ್ನು ಮಸೆಯುತ್ತಿದ್ದರು. ಅದು ಕೆಲಸವಲ್ಲ ಎಂದ ಮಾಲೀಕ. ಮೊಂಡು ಚೂರಿಯಿಂದ ಆ ಕೆಲಸ ನಡೆಯದಾದ್ದರಿಂದ ಮಸೆಯುವುದೂ ಕೆಲಸದ ಅಂಗವೇ, ಕೂಲಿ ಕೊಡತಕ್ಕದ್ದು ಎಂದಿತು ಕೋರ್ಟು. ಚೂರಿ ಮಸೆಯುವುದು ಕೆಲಸವಾದರೆ ಬಜೂಕಾ ತೊಳೆಯುವುದು ಹೇಗೆ ಕೆಲಸವಲ್ಲ? ಇದಕ್ಕೆ ಗುತ್ತಿಗೆದಾರ ಕಂಡುಕೊಂಡ ಉಪಾಯ ಬೇರೆ. "ನೀನು ನನ್ನ ಆಳಲ್ಲ, ನೀನೇ ಒಬ್ಬ ಸ್ವತಂತ್ರ ಗುತ್ತಿಗೆದಾರ" ಎಂದು ಕಾಗದದಲ್ಲಿ ಬರೆಸಿಕೊಂಡುಬಿಡುವುದು. ಆಳಲ್ಲದವನಿಗೆ ಕೂಲಿ ಕಾನೂನು ಇಲ್ಲ, ಹೆಚ್ಚಿನ ಹೊತ್ತಿನ ಕೂಲಿ ಇಲ್ಲ, ಗಾಯವಾದರೆ ಪರಿಹಾರ ಇಲ್ಲ. ಬಜೂಕಾ ಒಂದನ್ನು ಅವನ ಹೆಗಲಿಗೇರಿಸಿ ಬಂಡವಾಳಗಾರನೆಂದು ಕರೆದಂತಾಯಿತು.

ಯಂತ್ರವನ್ನೇ ಬೇಡವೆನ್ನುವ ಸಂಗಾತಿಗಳಿಗೆ ಒಂದು ಮಾತು. ಅಮೆರಿಕದ ಬಣ್ಣ ಬಳಿಯುವವರ ಸಂಘಗಳು ಹಿಂದೆ ಅನೇಕ ಕಡೆ ಬಣ್ಣ ಚಿಮ್ಮುವ ಯಂತ್ರವನ್ನು ತಡೆದವು, ಬ್ರಷ್ಷು ಇಷ್ಟೇ ಅಗಲವಿರಬೇಕೆಂದು ಕಟ್ಟು ಮಾಡಿದವು. ಕೆಲಸ ಉಳಿಸಿಕೊಳ್ಳುವ ಅವರ ಸಂಕಟ ನಮಗೆ ಅರ್ಥವಾಗುತ್ತದೆ, ಆದರೆ ಯಂತ್ರ ನಿಲ್ಲಲಿಲ್ಲ. ದಿನವಿಡೀ ತಲೆಯ ಮೇಲಕ್ಕೆ ಕೈಯೆತ್ತಿ ಲೇಪ ಎಳೆದು ಭುಜ ಸೋತವನ ಮುಂದೆ ನಿಂತು ಯಂತ್ರ ಬೇಡವೆನ್ನಲು ನಮಗೆ ಬಾಯಿ ಬರುವುದಿಲ್ಲ. ಸಂಘ ಬಲವಾಗಿರುವ ಕಡೆಗಳಲ್ಲಿ ಅವರು ಇನ್ನೊಂದು ದಾರಿ ಹಿಡಿದರು: ಕೈಚಾಕು, ತಟ್ಟೆಯಂಥ ಸಣ್ಣ ಸಾಮಾನು ಕೆಲಸಗಾರನದು, ಯಂತ್ರೋಪಕರಣ ಮಾಲೀಕನೇ ಒದಗಿಸಬೇಕು, ತೊಳೆದಿಡಲು ಪಾಳಿಯೊಳಗೇ ಹೊತ್ತು ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿದರು. ಇದು ಕ್ರಾಂತಿಯಲ್ಲ. ಆದರೆ ನಮ್ಮಲ್ಲಿ ಕ್ರಾಂತಿಯ ಮಾತಾಡುವ ಎಷ್ಟು ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಇಂಥ ಒಂದು ಸಾಲಿದೆ? ಕರಣೆ, ಪುಟ್ಟಿ ತೊಳೆಯುವ ಹೊತ್ತನ್ನು ನಮ್ಮ ಗಾರೆಯವರು ತಲೆಮಾರುಗಳಿಂದ ಬಿಟ್ಟಿ ಕೊಡುತ್ತಿದ್ದಾರೆ. ಕಾಂಕ್ರೀಟು ಕಲಸುವ ಯಂತ್ರ ಬಂದಾಗಲೂ ಅದನ್ನು ತೊಳೆಯುವುದು ಕೊನೆಗೆ ಉಳಿದ ಹೆಣ್ಣಾಳಿನ ಪಾಲಾಯಿತು. ಯಾರೂ ಬಾಯಿ ಬಿಡಲಿಲ್ಲ.

ಬಿಹಾರದಿಂದಲೋ ಉತ್ತರ ಪ್ರದೇಶದಿಂದಲೋ ಬಂದು ನಮ್ಮ ಊರುಗಳಲ್ಲಿ ಫಾಲ್ಸ್ ಸೀಲಿಂಗ್ ಮಾಡುವ ಹುಡುಗರು ನಮ್ಮ ಸಂಘಗಳ ಸಭೆಗೆ ಬರುವುದಿಲ್ಲ ಎಂದು ದೂರುವುದನ್ನು ಕೇಳಿದ್ದೇವೆ. ಅವರನ್ನು ಕರೆದವರು ಯಾರು? ಅವರ ಭಾಷೆಯಲ್ಲಿ ಒಂದು ಕರಪತ್ರವನ್ನಾದರೂ ಹಾಕಿಸಿದ್ದೇವೆಯೇ? ಎಲ್ ಮಗೇಯವರನ್ನು ಕ್ಯಾಲಿಫೋರ್ನಿಯಾದ ಹಳೆಯ ಸಂಘದವರೂ ಮೊದಲು ಹೊರಗಿನವರೆಂದೇ ನೋಡಿದ್ದು.

ಬರುವ ಹಂಗಾಮಿನ ಕೂಲಿ ಮಾತುಕತೆಗೆ ಕೂರುವ ಮುಂಚೆ ನಮ್ಮ ಕಟ್ಟಡ ಕಾರ್ಮಿಕ ಸಂಘಗಳು ಮೂರು ಸಾಲು ಬರೆದಿಟ್ಟುಕೊಳ್ಳಲಿ. ಉಪಕರಣ ಮಾಲೀಕನದಾದರೆ ಬಾಡಿಗೆಯೂ ದುರಸ್ತಿಯೂ ಅವನದೇ. ತೊಳೆಯುವ ಹೊತ್ತು ಪಾಳಿಯೊಳಗಿನ ಹೊತ್ತು. ಅಡಿ ಲೆಕ್ಕದ ಕೆಲಸವಾದರೆ ಆ ಹೊತ್ತಿನ ಕೂಲಿ ಬೇರೆಯಾಗಿ ಬರಬೇಕು. ಉಜ್ಜುವ ಕೆಲಸಕ್ಕೆ ಧೂಳು ಎಳೆಯುವ ಸಲಕರಣೆ ಇಲ್ಲದಿದ್ದರೆ ಉಜ್ಜುವುದಿಲ್ಲ. ಇದರ ಜೊತೆಗೆ ಹತ್ತಾರು ಕೆಲಸಗಾರರು ಕೂಡಿ ಸಹಕಾರ ಸಂಘ ಕಟ್ಟಿ ತಮ್ಮದೇ ಒಂದು ಜೊತೆ ಉಪಕರಣ ಕೊಳ್ಳಲು ಸಾಲ ಬೇಕು. ಟ್ರಾಕ್ಟರಿಗೆ ಸಾಲ ಕೊಡುವ ಸಹಕಾರಿ ಬ್ಯಾಂಕು ಇದಕ್ಕೆ ಏಕೆ ಕೊಡಬಾರದು ಎಂದು ಜಿಲ್ಲಾ ಬ್ಯಾಂಕಿನ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಮ್ಮ ಸದಸ್ಯರು ಎದ್ದು ನಿಂತು ಕೇಳಬೇಕು. ಅರ್ಜಿಯನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ.