ಕಾರಿನ ರೋಗ ಪತ್ತೆ ಹಚ್ಚಿದವರಿಗೂ ಕೂಲಿ ಕೊಡೋಣ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಕಾರು ಈಗ ದೊಡ್ಡಸ್ತಿಕೆಯ ಗುರುತಾಗಿ ಉಳಿದಿಲ್ಲ. ಈರುಳ್ಳಿಗೋ ಅಡಿಕೆಗೋ ಒಂದು ವರ್ಷ ಒಳ್ಳೆ ರೇಟು ಸಿಕ್ಕಾಗ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಹಗಲು ಮಂಡಿಗೆ, ಮದುವೆಗೆ, ದೇವರ ಕಾರ್ಯಕ್ಕೆ ಹೋಗುತ್ತದೆ. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ಹಿಡಿದುಕೊಂಡರೆ ಅದೇ ಊರಿನ ಆಂಬುಲೆನ್ಸ್. ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ, ಅಲ್ಲಿಂದಾಚೆ ದಾವಣಗೆರೆಗೆ ಓಡಬೇಕಾದದ್ದೂ ಅದೇ. ಹಾಗಾಗಿ ನಮ್ಮ ಕಡೆ ಕಾರು ಸ್ಟಾರ್ಟ್ ಆಗಲಿಲ್ಲ ಅಂದರೆ ಅದು ಬರೀ ಒಂದು ಮನೆಯ ತೊಂದರೆ ಆಗುವುದಿಲ್ಲ.

ಇಷ್ಟು ಮುಖ್ಯವಾದ ಗಾಡಿಯನ್ನು ರಿಪೇರಿ ಮಾಡಿಸುವ ನಮ್ಮ ರೀತಿ ಮಾತ್ರ ಸರಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಡಾಕ್ಟರ್ ಹತ್ತಿರ ಹೋದರೆ ನೋಡಿದ್ದಕ್ಕೆ ಫೀಸು ಕೊಡುತ್ತೇವೆ, ಔಷಧಿಗೆ ಬೇರೆ ಕೊಡುತ್ತೇವೆ. ಮೆಕ್ಯಾನಿಕ್ ಹತ್ತಿರ ಹೋದರೆ ಆ ಲೆಕ್ಕ ಇಲ್ಲ. ಅವನು ಅರ್ಧ ಗಂಟೆ ಬಾನೆಟ್ ಒಳಗೆ ತಲೆ ಹಾಕಿ, ಒಂದು ಸಡಿಲ ವೈರು ಹುಡುಕಿ ಬಿಗಿ ಮಾಡಿದ ಅಂದುಕೊಳ್ಳಿ. "ಏನ್ ಹಾಕ್ದೆ ಅಂತ ಇನ್ನೂರು ಕೇಳ್ತೀಯಣ್ಣ?" ಅನ್ನುತ್ತೇವೆ. ಅದೇ ಅವನು ನಾಲ್ಕೈದು ಸಾವಿರದ ಹೊಸ ಬ್ಯಾಟರಿ ಕೂರಿಸಿದರೆ ಮಾತಾಡದೆ ಫೋನ್‌ಪೇ ಮಾಡುತ್ತೇವೆ.

ಇದರ ಫಲ ಏನು? ತಲೆ ಓಡಿಸಿದವನಿಗೆ ಕೂಲಿ ಇಲ್ಲ, ಸಾಮಾನು ಬದಲಿಸಿದವನಿಗೆ ಲಾಭ. ಪ್ರಾಮಾಣಿಕ ಮೆಕ್ಯಾನಿಕ್ ಕೂಡ ಹೊಟ್ಟೆಪಾಡಿಗೆ ಸಾಮಾನು ಬದಲಿಸುವ ಕಡೆಗೇ ವಾಲಬೇಕಾಗುತ್ತದೆ. ಬ್ಯಾಟರಿ ಹಾಕಿ ನೋಡೋಣ, ಆಗಲಿಲ್ಲ ಅಂದರೆ ಸೆಲ್ಫ್ ಬಿಚ್ಚೋಣ, ಅದೂ ಅಲ್ಲ ಅಂದರೆ ಡೈನಮೊ ನೋಡೋಣ ಅನ್ನುವ ರಿಪೇರಿ ಹುಟ್ಟುವುದು ಇಲ್ಲಿಂದ. ಮೂರು ಸಲ ದುಡ್ಡು ಹೋಗುತ್ತದೆ, ರೋಗ ಮಾತ್ರ ಹಾಗೇ ಇರುತ್ತದೆ.

ಮೊದಲು ಲಕ್ಷಣ ಹೇಳಲು ಕಲಿಯೋಣ

ಮೆಕ್ಯಾನಿಕ್ ಒಬ್ಬನದೇ ತಪ್ಪು ಅನ್ನಲು ಬರುವುದಿಲ್ಲ. "ಯಾಕೋ ಸೌಂಡ್ ಬರ್ತೈತೆ, ನೋಡಣ್ಣ" ಅಂತ ಕೀ ಕೊಟ್ಟು ಟೀ ಕುಡಿಯಲು ಹೋಗುವವರು ನಾವೇ. ಎಮ್ಮೆ ಮೇವು ಬಿಟ್ಟರೆ ಯಾವತ್ತಿಂದ ಬಿಟ್ಟಿದೆ, ಸಗಣಿ ಹೇಗಿದೆ, ಮೈ ಬಿಸಿ ಇದೆಯಾ ಅಂತ ಪಶು ವೈದ್ಯರಿಗೆ ಬಿಡಿಸಿ ಹೇಳುವ ಜನ ನಾವು. ಕಾರಿನ ವಿಷಯದಲ್ಲೂ ಅಷ್ಟೇ ಬೇಕಾಗಿರುವುದು. ಯಾವಾಗ ಆಗುತ್ತದೆ, ಎಷ್ಟು ಸ್ಪೀಡಿನಲ್ಲಿ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಬ್ರೇಕ್ ಒತ್ತಿದಾಗಲೋ ತಿರುವಿನಲ್ಲೋ. ಈ ನಾಲ್ಕು ಉತ್ತರ ಇದ್ದರೆ ಅರ್ಧ ರೋಗ ಗೊತ್ತಾದ ಹಾಗೆ.

ಸ್ಟಾರ್ಟ್ ಆಗದ ಗಾಡಿಯನ್ನೇ ತೆಗೆದುಕೊಳ್ಳಿ. ಕೀ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂದು ಮೀಟರ್ ಲೈಟು ಮಂಕಾದರೆ ಬ್ಯಾಟರಿಯಲ್ಲಿ ಕರೆಂಟ್ ಇಲ್ಲ, ಇಲ್ಲವೇ ಟರ್ಮಿನಲ್ ಸಡಿಲ. ಲೈಟು ಚೆನ್ನಾಗೇ ಉರಿಯುತ್ತಾ ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸೆಲ್ಫ್ ಮೇಲೆ ಅನುಮಾನ. ಇಂಜಿನ್ ಗರಗರ ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿ, ಸೆಲ್ಫ್ ಎರಡೂ ಸರಿ ಇವೆ. ಅಲ್ಲಿ ಪೆಟ್ರೋಲ್ ಬರುತ್ತಿಲ್ಲ ಅಥವಾ ಪ್ಲಗ್ಗಿಗೆ ಕಿಡಿ ಬರುತ್ತಿಲ್ಲ. ಈಚಿನ ಪೆಟ್ರೋಲ್ ಗಾಡಿಗಳಲ್ಲಿ ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆ ಒಂದೆರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರುತ್ತದೆ. ಅದು ಪೆಟ್ರೋಲ್ ಪಂಪ್. ಆ ಸದ್ದು ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಜೋಡಿಸುವಾಗ ಮೈನಸ್ ಕೊನೆಗೆ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದ್ದರೆ ಇನ್ನೂ ಅನುಕೂಲ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ. ಇಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತಿದ್ದರೆ ಡೈನಮೊ ಅಥವಾ ಬೆಲ್ಟ್ ಕಡೆ ನೋಡಿ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅದು ಮತ್ತೆ ಇಳಿಯುತ್ತದೆ.

ನಮ್ಮ ಮನೆಗಳಲ್ಲಿ ಕಾರು ನಿಲ್ಲಿಸುವುದು ಶೇಂಗಾ ಚೀಲ, ಮೆಕ್ಕೆಜೋಳದ ಮೂಟೆ ಇರುವ ಶೆಡ್ಡಿನಲ್ಲೇ. ಅಲ್ಲಿ ಇಲಿ ಇದ್ದೇ ಇರುತ್ತವೆ. ನಿನ್ನೆ ಚೆನ್ನಾಗಿದ್ದ ಗಾಡಿ ಇವತ್ತು ಇದ್ದಕ್ಕಿದ್ದಂತೆ ಕೈಕೊಟ್ಟರೆ ಬಾನೆಟ್ ತೆಗೆದು ಕಡಿದ ವೈರು, ಇಲಿ ಹಿಕ್ಕೆ ಇದೆಯಾ ಅಂತ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಬೋರ್ ನೀರು ಮತ್ತು ರೇಡಿಯೇಟರ್

ನಮ್ಮ ಜಿಲ್ಲೆಗೆ ಅಂಟಿದ ರೋಗ ಒಂದಿದೆ. ಅದು ಇಂಜಿನ್ ಹೀಟ್. ಬೋರ್ ನೀರು ಕಾಯಿಸುವ ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಅದರ ಸಣ್ಣ ಸಣ್ಣ ಕೊಳವೆಗಳ ಒಳಗೂ ಅದೇ ಪದರ ಕಟ್ಟುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಬ್ಯಾಟರಿಗೂ ಬೋರ್ ನೀರು ಆಗದು, ಡಿಸ್ಟಿಲ್ಡ್ ವಾಟರ್ ಮಾತ್ರ. ರೇಡಿಯೇಟರಿಗೆ ಕೂಲೆಂಟ್ ಹಾಕಿ ಅನ್ನುವುದು ಅಂಗಡಿಯವರ ವ್ಯಾಪಾರದ ಮಾತಲ್ಲ. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವುದನ್ನೂ ತಡಮಾಡುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಯಾವುದೋ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಅದನ್ನು ಬಸಿದು, ತೊಳೆಸಿ, ಕೂಲೆಂಟ್ ತುಂಬಿಸಿ.

ಹೀಟ್ ಆಗುವ ಗಾಡಿಯಲ್ಲೂ ಲಕ್ಷಣ ನೋಡಿ. ಹೈವೇಯಲ್ಲಿ ಚೆನ್ನಾಗಿದ್ದು ಸಂತೆ ಬೀದಿಯಲ್ಲಿ ನಿಂತು ನಿಂತು ಹೋಗುವಾಗ ಮಾತ್ರ ಮುಳ್ಳು ಏರಿದರೆ ಮೊದಲು ಫ್ಯಾನ್ ತಿರುಗುತ್ತಿದೆಯಾ ನೋಡಿ. ಏರು ಹತ್ತುವಾಗ, ಸ್ಪೀಡಿನಲ್ಲಿ ಹೋಗುವಾಗ ಏರಿದರೆ ಕೂಲೆಂಟ್ ಕಡಿಮೆ, ರೇಡಿಯೇಟರ್ ಬ್ಲಾಕ್, ವಾಟರ್ ಪಂಪ್ ಅಥವಾ ಥರ್ಮೋಸ್ಟಾಟ್ ಕಡೆ ಹೋಗಬೇಕು. ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಾ, ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಮುಳ್ಳು ಕೆಂಪಿಗೆ ಹೋದರೆ "ಇನ್ನೇನು ಐದು ಕಿಲೋಮೀಟರ್ ಐತೆ, ಊರು ಸೇರ್ಕಳಣ" ಅನ್ನಬೇಡಿ. ಆ ಐದು ಕಿಲೋಮೀಟರಿನಲ್ಲೇ ಹೆಡ್ ಸೊಟ್ಟಗಾಗುವುದು. ಸಾವಿರದಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರಕ್ಕೆ ಹೋಗುವುದೂ ಅಲ್ಲೇ. ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ.

2020ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೆದ್ದಾರಿಯಲ್ಲಿ ಖಾಸಗಿ ಬಸ್ಸೊಂದಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ ಐದು ಜನ ಸತ್ತದ್ದು ನಮ್ಮ ಕಡೆಯವರಿಗೆ ನೆನಪಿದೆ. ಬಸ್ಸಾಗಲಿ ಕಾರಾಗಲಿ, ಸುಟ್ಟ ವಾಸನೆ, ಹೊಗೆ, ಪೆಟ್ರೋಲ್ ಸೋರಿದ ವಾಸನೆ ಬಂದರೆ ಮುಂದಿನ ಊರಿನ ತನಕ ಕಾಯುವುದು ಬೇಡ. ಮೊದಲು ಜನ ಇಳಿಯಲಿ, ಕಾರಣ ಆಮೇಲೆ ಹುಡುಕಿದರಾಯಿತು.

ಕೆಂಪು ಲೈಟು, ಹಳದಿ ಲೈಟು

ಮೀಟರಿನಲ್ಲಿ ಹಳದಿ ಲೈಟು ಬಂದರೆ ಬೇಗ ತೋರಿಸಿ, ಕೆಂಪು ಬಂದರೆ ನಿಲ್ಲಿಸಿ. ಇಷ್ಟು ನೆನಪಿಟ್ಟರೆ ಸಾಕು. ಅದರಲ್ಲೂ ಎಣ್ಣೆ ಗಿಂಡಿಯ ಗುರುತಿನ ಕೆಂಪು ಲೈಟು ಓಡುವಾಗ ಹತ್ತಿದರೆ ಇಂಜಿನ್ ಒಳಗೆ ಆಯಿಲ್ ಒತ್ತಡ ಇಲ್ಲ ಎಂದರ್ಥ. ಆಗ ಓಡಿಸುವ ಪ್ರತಿ ನಿಮಿಷಕ್ಕೂ ಇಂಜಿನ್ ಸವೆಯುತ್ತದೆ.

ಸುಮಾರು 2013ರ ನಂತರದ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಹಾಕುವ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಒಂದು ಕೋಡ್ ತೋರಿಸುತ್ತದೆ. ಆದರೆ ತೊಂದರೆ ಯಾವ ಕಡೆ ಇದೆ ಎಂಬುದನ್ನಷ್ಟೇ ಆ ಕೋಡ್ ಹೇಳುತ್ತದೆ, ಯಾವ ಸಾಮಾನು ಬದಲಿಸಬೇಕು ಅಂತ ಹೇಳುವುದಿಲ್ಲ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅಂತ ಕೋಡ್ ಬಂದರೆ ಸೆನ್ಸರ್ ಕೆಟ್ಟಿರಬಹುದು, ಬಿರುಕು ಬಿಟ್ಟ ಒಂದು ರಬ್ಬರ್ ಪೈಪೂ ಕಾರಣ ಇರಬಹುದು. ಕೋಡ್ ನೋಡಿ ಸೀದಾ ಸೆನ್ಸರ್ ಬದಲಿಸುವವನಿಗಿಂತ ಪೈಪಿನ ಮೇಲೆ ಕೈಯಾಡಿಸಿ ನೋಡುವವನು ಒಳ್ಳೆ ಮೆಕ್ಯಾನಿಕ್. ಅವನಿಗೆ ಆ ಹುಡುಕಾಟದ ಕೂಲಿ ಸಲ್ಲಬೇಕು.

ಮೈಲೇಜ್ ಬಿದ್ದಿದೆ ಅನ್ನುವ ದೂರೂ ಈಗ ಜಾಸ್ತಿ. ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದ ಬ್ರೇಕ್ ಮೊದಲು ನೋಡಿ. ಜೊತೆಗೆ ಪೆಟ್ರೋಲಿಗೆ ಈಗ ಶೇ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಇದರಿಂದ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಅಷ್ಟು ಇಳಿದದ್ದಕ್ಕೆ ಇಂಜಿನ್ ಬಿಚ್ಚಿಸಬೇಡಿ.

ಬ್ರೇಕ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಒತ್ತಿದಾಗ ಕೀಚ್ ಅಂದರೆ ಪ್ಯಾಡ್ ಸವೆದಿರಬಹುದು. ಪೆಡಲ್ ಮೆತ್ತಗೆ ಒಳಗೆ ಹೋದರೆ ಬ್ರೇಕ್ ಆಯಿಲ್ ಸೋರಿದೆ ಅಥವಾ ಗಾಳಿ ಸೇರಿದೆ. ಆ ಗಾಡಿ ಗೇಟ್ ದಾಟಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿ ಕಂಡರೂ ಹಳೆಯ ರಬ್ಬರ್ ಬಿಸಿಲಿಗೆ ಬಿರಿದಿರುತ್ತದೆ. ಗಾಳಿ ಕಡಿಮೆ ಇದ್ದು, ಲೋಡು ಜಾಸ್ತಿಯಾಗಿ ಬೇಸಿಗೆ ಮಧ್ಯಾಹ್ನ ಹೈವೇಯಲ್ಲಿ ಓಡಿಸಿದರೆ ಸಿಡಿಯುವುದು ಅಂಥ ಟೈರೇ.

ಹೆದ್ದಾರಿಯಲ್ಲಿ ನಿಂತರೆ

ಪುಣೆ–ಬೆಂಗಳೂರು ಹೆದ್ದಾರಿ, ಅಂದರೆ ಹಳೆಯ 4, ಈಗಿನ 48, ಚಿತ್ರದುರ್ಗ, ಹಿರಿಯೂರು ಎರಡನ್ನೂ ಮುಟ್ಟಿಕೊಂಡು ಹೋಗುತ್ತದೆ. ರಾತ್ರಿ ಅಲ್ಲಿ ಲಾರಿ, ಸ್ಲೀಪರ್ ಬಸ್ಸುಗಳದ್ದೇ ಓಟ. ಅಲ್ಲಿ ಗಾಡಿ ಕೆಟ್ಟರೆ ಆದಷ್ಟು ಎಡಕ್ಕೆ ತಂದು ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಗಡೆ ಬಾಗಿಲಿನಿಂದ ಇಳಿದು ರಸ್ತೆಯ ಆಚೆ ದೂರ ನಿಲ್ಲಿ. ಗಾಡಿ ಒಳಗೆ ಯಾರೂ ಕೂರಬಾರದು, ಹಿಂದೆ ಯಾರೂ ನಿಲ್ಲಬಾರದು. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು 50 ಮೀಟರಿಗೂ ಹೆಚ್ಚು ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಜೀವಕ್ಕೆ ಅಪಾಯ ಇದ್ದರೆ 112 ಅಥವಾ 108.

ತ್ರಿಕೋನ ಇಲ್ಲದವರು ಕಲ್ಲು, ಸೊಪ್ಪಿನ ಕೊಂಬೆ ಇಡುತ್ತಾರೆ. ಗಾಡಿ ರಿಪೇರಿ ಆದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಕತ್ತಲಲ್ಲಿ ಬರುವ ಬೈಕಿನವನಿಗೆ ಆ ಕಲ್ಲೇ ಯಮ. ಇಟ್ಟವರು ಎತ್ತಿ ಬದಿಗೆ ಹಾಕಿ ಹೋಗುವುದು ಧರ್ಮ.

ನಮ್ಮ ಒತ್ತಾಯ

"ನೋಡಿದ್ದಕ್ಕೇ ದುಡ್ಡು ಅಂದ್ರೆ ಬಡವ್ರು ಏನ್ ಮಾಡ್ಬೇಕು?" ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇನ್ನೂರು ಉಳಿಸಲು ಹೋಗಿ ಬೇಡದ ಸಾಮಾನಿಗೆ ಐದು ಸಾವಿರ ಕೊಡುತ್ತಿರುವವರೂ ಆ ಬಡವರೇ. ಹಾಗಾಗಿ ಎರಡೂ ಕಡೆ ಒಂದು ಒಪ್ಪಂದ ಬೇಕು. ಗ್ಯಾರೇಜಿನವರು ನೋಡುವ ಕೂಲಿ ಇಷ್ಟು ಅಂತ ಮೊದಲೇ ಹೇಳಲಿ, ಬೋರ್ಡಿನಲ್ಲಿ ಬರೆಯಲಿ. ರಿಪೇರಿ ಅಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯಲಿ. ಯಾವ ಸಾಮಾನು ಯಾಕೆ ಹೋಗಿದೆ ಅಂತ ತೋರಿಸಿ ಆಮೇಲೆ ಬದಲಿಸಲಿ, ಹಳೆಯದನ್ನು ಕೈಗೆ ಕೊಡಲಿ. ನಾವು ಚೌಕಾಸಿ ಮಾಡದೆ ಆ ಕೂಲಿ ಕೊಡೋಣ. ಒಂದು ನೋಟ್‌ಬುಕ್ ಗಾಡಿಯಲ್ಲೇ ಇಟ್ಟು ಯಾವ ಕಿಲೋಮೀಟರಿಗೆ ಏನು ಬದಲಿಸಿದೆ ಅಂತ ಬರೆಯೋಣ. ಮುಂದಿನ ಮೆಕ್ಯಾನಿಕ್‌ಗೆ ಅದೇ ರೋಗಿಯ ಚೀಟಿ.

ಇನ್ನೊಂದು ಮಾತು ಸರ್ಕಾರಕ್ಕೆ. ಡ್ರೈವಿಂಗ್ ಸ್ಕೂಲಿನಲ್ಲಿ ಸ್ಟೇರಿಂಗ್ ತಿರುಗಿಸಲು ಕಲಿಸುತ್ತಾರೆ, ಸ್ಟೆಪ್ನಿ ಬದಲಿಸಲು ಕಲಿಸುವುದು ಅಪರೂಪ. ಐಟಿಐಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ತರಬೇತಿ ಇದೆ. ಅಲ್ಲಿನ ಮಕ್ಕಳನ್ನು, ಶಿಕ್ಷಕರನ್ನು ವರ್ಷಕ್ಕೊಂದು ಸಲ ಗ್ರಾಮ ಪಂಚಾಯ್ತಿ ಮುಂದೆ ಕರೆಸಿ ಬ್ಯಾಟರಿ, ಬ್ರೇಕ್, ಟೈರ್, ಕೂಲೆಂಟ್ ತಪಾಸಣೆ ಮಾಡಿಸಬಹುದು. ಕಣ್ಣಿನ ಶಿಬಿರ, ದನಗಳ ಶಿಬಿರ ಮಾಡುವ ನಮಗೆ ಇದೇನೂ ಹೊಸದಲ್ಲ. ಗಾಡಿ ಓಡಿಸುವ ಹೆಣ್ಣುಮಕ್ಕಳೂ ಅಲ್ಲಿಗೆ ಬರಲಿ, ಬಾನೆಟ್ ತೆಗೆಯುವುದು ಗಂಡಸರ ಕೆಲಸ ಅನ್ನುವ ಮಾತು ಸಾಕು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಗಾಡಿ ತಣ್ಣಗಿರುವಾಗ ಬಾನೆಟ್ ತೆಗೆದು ಇಂಜಿನ್ ಆಯಿಲ್ ಕಡ್ಡಿ, ಕೂಲೆಂಟ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ, ಬ್ಯಾಟರಿ ಟರ್ಮಿನಲ್ ನೋಡಿ. ಡಿಕ್ಕಿ ತೆಗೆದು ಜಾಕಿ, ವೀಲ್ ಪಾನ, ತ್ರಿಕೋನ ಇವೆಯಾ, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ. ಎಲ್ಲ ಸೇರಿ ಹತ್ತು ನಿಮಿಷ. ನಡುರಾತ್ರಿ ಯಾರಾದರೂ ಬಂದು ಬಾಗಿಲು ಬಡಿದಾಗ ಆ ಹತ್ತು ನಿಮಿಷದ ಬೆಲೆ ಗೊತ್ತಾಗುತ್ತದೆ.