ಸಹಜವೆಂಬ ಮಾತಿನ ಮರೆಯಲ್ಲಿ

ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣಿನ ಗೊರಟೆಯೊಳಗಿನ ಕಹಿ ತಿರುಳಿನಲ್ಲಿ 'ವಿಟಮಿನ್ ಬಿ17' ಇದೆ, ಅದು ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬ ಸಂದೇಶ ನಮ್ಮ ಮೊಬೈಲುಗಳಲ್ಲಿ ಮತ್ತೆ ಮತ್ತೆ ಹರಿದಾಡುತ್ತದೆ. ಮನೆಯಲ್ಲಿ ರೋಗಿಯಿರುವವರು ಅಂಥ ಭರವಸೆಯನ್ನು ಅಲ್ಲಗಳೆಯುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ನಾವೇ ಸ್ಪಷ್ಟವಾಗಿ ಹೇಳಬೇಕಾಗಿದೆ.

ಆ ಹೆಸರಿನ ವಿಟಮಿನ್ ಇಲ್ಲ. ತಿರುಳಿನಲ್ಲಿರುವುದು ಅಮಿಗ್ಡಲಿನ್, 1830ರಲ್ಲಿ ಫ್ರೆಂಚ್ ರಸಾಯನಜ್ಞರು ಕಹಿ ಬಾದಾಮಿಯಿಂದ ಬೇರ್ಪಡಿಸಿದ ವಸ್ತು. ತಿರುಳನ್ನು ಅಗಿದಾಗ ಅದರಲ್ಲೇ ಇರುವ ಕಿಣ್ವವು ಅಮಿಗ್ಡಲಿನ್ ಅನ್ನು ಒಡೆಯುತ್ತದೆ, ಸೈನೈಡ್ ಹೊರಬರುತ್ತದೆ. ಸೇಬಿನ ಬೀಜದಲ್ಲೂ ಇದುಂಟು. ಅಕಸ್ಮಾತ್ ಒಂದೆರಡನ್ನು ನುಂಗಿದರೆ ಭಯವಿಲ್ಲ. ಜರ್ದಾಳುವಿನ ಮಾತು ಬೇರೆ. ವಯಸ್ಕರು ಒಮ್ಮೆಗೆ ಮೂರಕ್ಕಿಂತ ಹೆಚ್ಚು ಸಣ್ಣ ಹಸಿ ತಿರುಳು ತಿಂದರೆ ಸುರಕ್ಷಿತ ಮಿತಿ ಮೀರಬಹುದೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತು. ಅಮೆರಿಕದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಅಮಿಗ್ಡಲಿನ್ ಕೊಟ್ಟು ನಡೆಸಿದ ಅಧ್ಯಯನ 1982ರಲ್ಲಿ ಪ್ರಕಟವಾಯಿತು: ಗಣನೀಯ ಪ್ರಯೋಜನ ಕಾಣಲಿಲ್ಲ, ಕೆಲವರಲ್ಲಿ ಸೈನೈಡ್ ವಿಷದ ಲಕ್ಷಣಗಳು ಕಂಡವು.

ಕಾಸರಕನ ಹಣ್ಣು ಕಿತ್ತಳೆಯಂತೆ ಚೆಲುವಾಗಿದ್ದರೂ ಅದರ ಬೀಜ ವಿಷವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಸಹಜವಾದುದೆಲ್ಲ ನಿರಪಾಯವೆಂದು ಅವರು ನಂಬಿದವರಲ್ಲ. ಅಕ್ಷರವನ್ನು ನೆಚ್ಚಿ ಕೂಡಿದ ಬಳಗ ನಮ್ಮದು. ಸುಳ್ಳು ಹೆಸರೊಂದು ನಮ್ಮ ಕೈದಾಟಿ ರೋಗಿಯ ತಟ್ಟೆಯನ್ನು ಸೇರಬಾರದು. ಅಂಥ ಸಂದೇಶ ಬಂದಾಗ ಮುಂದಕ್ಕೆ ಕಳುಹಿಸದಿರೋಣ. ಕಳುಹಿಸಿದವರಿಗೆ ಇಷ್ಟನ್ನು ಪ್ರೀತಿಯಿಂದಲೇ ತಿಳಿಸೋಣ.